ಹೆಸರಿಲ್ಲದ ರಾಜ, ಹೆಸರು ಹಿಡಿದು ಕೂಗುವ ಹೆಳವ

ಮಕ್ಕಳಿಗೆ ಕಥೆ ಹೇಳಿ, ಒಳ್ಳೆಯ ಗುಣ ಬರುತ್ತವೆ, ತಮ್ಮ ಬಗ್ಗೆ ತಮಗೆ ಅಭಿಮಾನ ಮೂಡುತ್ತದೆ ಎಂಬ ಮಾತು ಅಂಗನವಾಡಿ ತರಬೇತಿಯಿಂದ ಹಿಡಿದು ಪಾಲಕರ ಸಭೆಯವರೆಗೆ ಈಗ ಎಲ್ಲೆಡೆ ಕೇಳಿಬರುತ್ತದೆ. ಗುಣ ಮತ್ತು ಅಭಿಮಾನ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದ, ಎರಡೂ ಒಂದೇ ಕಥೆಯಿಂದ, ಒಬ್ಬರೇ ಹೇಳುವವರಿಂದ ಆಗುವ ಕೆಲಸ ಎಂದು ಕೇಳಿದವರು ತಿಳಿಯುತ್ತಾರೆ. ಬೆಳಗಾವಿ ಜಿಲ್ಲೆಯ ಉತ್ತರಕ್ಕಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಹಳೆಯ ರೂಢಿಗಳನ್ನು ಸ್ವಲ್ಪ ಕೆದಕಿ ನೋಡಿದರೆ ಈ ತಿಳಿವಳಿಕೆ ನಿಲ್ಲುವುದಿಲ್ಲ. ಇಲ್ಲಿ ಗುಣ ಬೆಳೆಸುವ ಕಥೆ ಬೇರೆ ಇತ್ತು, ಅಭಿಮಾನ ಕೊಡುವ ಕಥೆ ಬೇರೆ ಇತ್ತು. ಹೇಳುವವರು ಬೇರೆ, ಹೇಳುವ ಜಾಗ ಬೇರೆ, ಕೊಡುವ ಪ್ರತಿಫಲವೂ ಬೇರೆ. ಮೊದಲನೆಯದರಲ್ಲಿ ಯಾರಿಗೂ ಹೆಸರಿರಲಿಲ್ಲ. ಎರಡನೆಯದು ಹೆಸರಿನಿಂದಲೇ ಶುರುವಾಗುತ್ತಿತ್ತು. ಶಾಲೆ ಬಂದಾಗ ಮೊದಲನೆಯದನ್ನು ತಿದ್ದಿ, ಬಾಲಕ್ಕೊಂದು ನೀತಿ ಕಟ್ಟಿ ತನ್ನ ಪುಸ್ತಕಕ್ಕೆ ಸೇರಿಸಿಕೊಂಡಿತು. ಎರಡನೆಯದನ್ನು ಹೊಸ್ತಿಲ ಆಚೆಗೇ ಬಿಟ್ಟಿತು. ನಮ್ಮ ಇಂದಿನ ಕಥಾಬೋಧನೆಯ ಕೊರತೆ ಅಲ್ಲಿಂದ ಬಂದದ್ದು ಎಂಬುದು ಈ ಬರಹದ ವಾದ.

ಈ ಐದು ತಾಲೂಕುಗಳ ಚರಿತ್ರೆ ಬಹುಮಟ್ಟಿಗೆ ಗಡಿಗಳ ಚರಿತ್ರೆ. 1818ರಲ್ಲಿ ಪೇಶ್ವೆಯ ಆಡಳಿತ ಮುಗಿದು ಕಂಪನಿ ಸರಕಾರ ಬಂತು. 1836ರಲ್ಲಿ ಧಾರವಾಡದಿಂದ ಒಡೆದು ಬೆಳಗಾವಿ ಜಿಲ್ಲೆಯಾಯಿತು. ಚಿಕ್ಕೋಡಿ ಮತ್ತು ಅಥಣಿ ಮುಂಬಯಿ ಪ್ರಾಂತದ ತಾಲೂಕುಗಳಾದರೆ ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿ, 1949ರ ವಿಲೀನದವರೆಗೂ ಅಲ್ಲೇ ಇತ್ತು. ನಿಪ್ಪಾಣಿ ದೇಸಾಯರ ಠಾಣೆ. ಶೇಡಬಾಳ ಪಟವರ್ಧನ ಮನೆತನದ ಜಹಗೀರು. ನಿಪ್ಪಾಣಿ ಚಿಕ್ಕೋಡಿಯಿಂದಲೂ ಕಾಗವಾಡ ಅಥಣಿಯಿಂದಲೂ ಬೇರೆಯಾಗಿ ತಾಲೂಕು ಎನಿಸಿದ್ದು ತೀರ ಇತ್ತೀಚೆಗೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಅನೇಕ ಮನೆಗಳಲ್ಲಿ ಎರಡೂ, ಬಸದಿಯಲ್ಲಿ ಪ್ರಾಕೃತದ ಮಂತ್ರ, ಮೊಹರಮ್ಮಿನಲ್ಲಿ ಕನ್ನಡದ್ದೇ ಕರ್ಬಲಾ ಪದ. ಹೀಗೆ ಆಡಳಿತ ಹಲವು ಸಲ ಕೈ ಬದಲಾದ ನೆಲದಲ್ಲಿ, ಮಗುವಿಗೆ ತಾನು ಯಾರು, ಯಾರ ಮಗು, ಯಾವ ಊರಿನದು ಎಂದು ಹೇಳುವ ಕೆಲಸವನ್ನು ಯಾವ ಸರಕಾರವೂ ಮಾಡಿರಲಿಲ್ಲ. ಆ ಕೆಲಸ ಕಥೆ ಹೇಳುವವರ ಪಾಲಿಗೆ ಬಂದಿತ್ತು.

ಮೊದಲು ಅಡುಗೆಮನೆಯ ಕಥೆ. ಎ.ಕೆ. ರಾಮಾನುಜನ್ 1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದಾಗ ಈ ಭಾಗದ ಹೆಂಗಸರು ಹೇಳುವ ಕಥೆಗಳನ್ನು ಕೂಡಿಹಾಕಿದರು. ಅವರು ಮುಂದೆ ಕನ್ನಡ ಜನಪದದ ಎರಡು ಲೋಕಗಳನ್ನು ಗುರುತಿಸಿದರು: ಮನೆಯೊಳಗಿನದು ಒಂದು, ಬಯಲಿನದು ಇನ್ನೊಂದು. ಮನೆಯೊಳಗೆ ಅಜ್ಜಿ, ಅವ್ವ, ಅತ್ತೆ ಮಕ್ಕಳಿಗೆ ಉಣ್ಣಲಿಕ್ಕೆ ಹಾಕುತ್ತ ಹೇಳುವ ಕಥೆಗಳಲ್ಲಿ ಪಾತ್ರಗಳಿಗೆ ಹೆಸರೇ ಇರುವುದಿಲ್ಲ ಎಂಬುದು ಅವರ ತುಂಬ ಬೆಲೆಯುಳ್ಳ ಗಮನಿಕೆ. ಒಂದೂರಲ್ಲಿ ಒಬ್ಬ ರಾಜ, ಅವನಿಗೆ ಏಳು ಜನ ಮಕ್ಕಳು, ಕಿರಿಯವಳು ತುಂಬ ಚೆಂದ, ಅಷ್ಟೇ. ಊರಿಗೂ ಹೆಸರಿಲ್ಲ. ಬಯಲಿಗೆ ಬಂದು ಕಸುಬಿನವರು ಹಾಡುವ ಕಥೆಗಳಲ್ಲಾದರೋ ಹೆಸರು, ಊರು, ಕುಲ, ದೇವರು ಎಲ್ಲವೂ ಸ್ಪಷ್ಟ. ರಾಮಾನುಜನ್ ಇದನ್ನು ಸಾಹಿತ್ಯದ ಪ್ರಕಾರಗಳ ವ್ಯತ್ಯಾಸವಾಗಿ ನೋಡಿದರು, ಹಳೆಯ ತಮಿಳಿನ ಅಗಂ–ಪುರಂ (ಒಳ–ಹೊರ) ಕಾವ್ಯದ ಜೊತೆ ಇಟ್ಟು ತೂಗಿದರು. ಬೆಳೆಯುವ ಮಗುವಿನ ಕಡೆಯಿಂದ ನೋಡಿದರೆ ಇದಕ್ಕೆ ಇನ್ನೊಂದು ಅರ್ಥವಿದೆ. ಹೆಸರಿಲ್ಲದ ಕಿರಿಯ ಮಗಳು ಯಾರು ಬೇಕಾದರೂ ಆಗಬಹುದು. ಕೇಳುವ ಮಗು ಅವಳ ಜಾಗದಲ್ಲಿ ನಿಂತು ಹೆದರುತ್ತದೆ, ಅನ್ಯಾಯಕ್ಕೆ ಸಿಟ್ಟಾಗುತ್ತದೆ, ಮರದ ಮೇಲಿನ ಹಕ್ಕಿಗೆ ನೀರು ಕೊಟ್ಟದ್ದಕ್ಕೆ ಹಕ್ಕಿ ತಿರುಗಿ ನೆರವಾದಾಗ ಹಗುರಾಗುತ್ತದೆ. ಇನ್ನೊಬ್ಬರ ಸ್ಥಿತಿಯಲ್ಲಿ ತನ್ನನ್ನು ಇಟ್ಟು ನೋಡುವ ಈ ಅಭ್ಯಾಸವೇ ನಾವು ಮೌಲ್ಯ ಎಂದು ಕರೆಯುವುದರ ಬುಡ. ಅದಕ್ಕೆ ಹೆಸರಿಲ್ಲದಿರುವುದೇ ಅನುಕೂಲ.

ಆ ಕಥೆಗಳ ಕೊನೆಯಲ್ಲಿ ನೀತಿ ಇರಲಿಲ್ಲ ಎಂಬುದನ್ನೂ ಗಮನಿಸಬೇಕು. ಕಳ್ಳ ಜಾಣನಾಗಿದ್ದರೆ ಗೆದ್ದುಬಿಡುತ್ತಿದ್ದ, ಸೊಸೆ ಅತ್ತೆಗೆ ಮೋಸ ಮಾಡಿ ಬದುಕುತ್ತಿದ್ದಳು. ಹೆಸರಿದ್ದವನಾದರೂ ಈ ಮಾತಿಗೆ ಒಪ್ಪುವ, ಮನೆಮನೆಗೆ ಬುಟ್ಟಿಯಲ್ಲಿ ಬರುವ ಜೋಕುಮಾರನನ್ನೇ ನೋಡಿ. ಭಾದ್ರಪದದಲ್ಲಿ ಹುಟ್ಟಿ, ಏಳು ದಿನ ಊರು ತಿರುಗಿ, ಕಂಡಕಂಡ ಹೆಂಗಸರ ಬೆನ್ನು ಹತ್ತಿ, ಕೊನೆಗೆ ಏಟು ತಿಂದು ಸಾಯುವ ಈ ಹುಡುಗ ಯಾವ ಪಠ್ಯಪುಸ್ತಕ ಸಮಿತಿಯ ಎದುರು ನಿಂತರೂ ಪಾಸಾಗುವವನಲ್ಲ. ಆದರೂ ಮಳೆ ತರುವವನು ಅವನೇ. ಗಣಪತಿಯ ಬೆನ್ನಿಗೇ ಬರುವ ಈ ಪುಂಡ ದೇವರ ಹಾಡನ್ನು ಅಂಗಳದಲ್ಲಿ ನಿಂತು ಕೇಳಿದ ಮಕ್ಕಳು ಕೆಟ್ಟುಹೋದರೆಂದು ಯಾರೂ ದೂರಿಲ್ಲ. ಒಳ್ಳೆಯದು ಕೆಟ್ಟದ್ದು ಬೆರೆತ ಪಾತ್ರವನ್ನು ಮಗುವಿನ ಮುಂದೆ ಇಟ್ಟು, ತೀರ್ಪನ್ನು ಅದಕ್ಕೇ ಬಿಡುವ ಧೈರ್ಯ ಆ ಹೆಂಗಸರಿಗಿತ್ತು. ಹಾಗೆಂದು ಅವರು ಮಗುವಿನ ಮನಸ್ಸಿನ ಬೆಳವಣಿಗೆಯನ್ನು ಯೋಚಿಸಿ ಹೀಗೆ ಮಾಡಿದರೆಂದು ಹೇಳಿದರೆ ಅದು ಅತಿಯಾದೀತು. ಅವರಿಗೆ ಕಥೆ ತಮ್ಮದೇ ಬೇಸರ ಕಳೆಯುವ, ತಮ್ಮ ಕಷ್ಟವನ್ನು ಇನ್ನೊಬ್ಬರದೆಂಬಂತೆ ಹೇಳಿಕೊಳ್ಳುವ ದಾರಿಯಾಗಿತ್ತು. ಮಗು ಹೂಂಗುಟ್ಟುತ್ತ ಪಕ್ಕದಲ್ಲಿತ್ತು, ಅಷ್ಟೇ. ಮಗುವಿಗಾಗಿಯೇ ಮಾಡಿದ್ದಲ್ಲವಾದ್ದರಿಂದಲೇ ಅದರಲ್ಲಿ ಬೋಧನೆಯ ವಾಸನೆ ಇರಲಿಲ್ಲ.

ಇನ್ನು ಹೆಳವರು. ಸುಗ್ಗಿ ಮುಗಿದು ಮನೆಗೆ ಕಾಳು ಬಂದ ಹೊತ್ತಿಗೆ ಚಕ್ಕಡಿ ಕಟ್ಟಿಕೊಂಡು ಅಥವಾ ಎತ್ತಿನ ಮೇಲೆ ಕುಳಿತು ಊರಿಗೆ ಬರುವವರು. ತಮ್ಮ ಮೂಲಪುರುಷ ಕಾಲಿಲ್ಲದವನಾಗಿದ್ದ, ಆದ್ದರಿಂದ ಎತ್ತಿನ ಮೇಲೆ ಕುಳಿತೇ ತಿರುಗಿದ ಎಂದು ಅವರು ಹೇಳಿಕೊಳ್ಳುತ್ತಾರೆ. ಗಂಟೆ ಬಾರಿಸಿ ಮನೆಯ ಮುಂದೆ ನಿಂತರೆಂದರೆ ಆ ಮನೆತನದ ಮೂಲ ಊರು, ಅಲ್ಲಿಂದ ಯಾರು ಯಾಕೆ ಬಿಟ್ಟುಬಂದರು, ಎಷ್ಟು ಜನ ಅಣ್ಣತಮ್ಮಂದಿರು, ಯಾರು ಯಾವ ಊರಿಗೆ ಪಾಲಾಗಿ ಹೋದರು, ಎಲ್ಲವನ್ನೂ ತಲೆಮಾರು ತಲೆಮಾರಾಗಿ ಕೂಗಿ ಹೇಳುವರು. ಮೊದಲು ನೆನಪಿನಲ್ಲೇ ಇದ್ದದ್ದು ಆಮೇಲೆ ಕಡತಕ್ಕೆ ಇಳಿಯಿತು. ಹೊಸದಾಗಿ ಹುಟ್ಟಿದ ಗಂಡುಮಗುವಿನ ಹೆಸರನ್ನು ಕೇಳಿ ಸೇರಿಸಿಕೊಂಡು, ಕಾಳು, ಬಟ್ಟೆ, ರೊಕ್ಕ, ಅನುಕೂಲವಿದ್ದಲ್ಲಿ ಕರು ಪಡೆದು ಮುಂದಿನ ಊರಿಗೆ ಹೋಗುವರು. ಬ್ರಿಟಿಷ್ ಕಾಲದ ಜಾತಿ ವಿವರಗಳು ಇವರನ್ನು ಭಿಕ್ಷುಕರ ಸಾಲಿಗೆ ಹಾಕಿಬಿಟ್ಟವು. ದಫ್ತರವನ್ನೇ ನಂಬಿದ ಅಧಿಕಾರಿಗಳಿಗೆ, ತಮ್ಮ ದಫ್ತರಕ್ಕಿಂತ ಹಳೆಯದೊಂದು ದಫ್ತರ ಎತ್ತಿನ ಮೇಲೆ ಕುಳಿತಿದ್ದು ಕಾಣಲಿಲ್ಲ. ಮಗುವಿನ ಪಾಲಿಗೆ ಈ ಕೂಗು ಏನಾಗಿತ್ತು? ಕಟ್ಟೆಯ ಮೇಲೆ ಓಣಿಯ ಜನ ಸೇರಿರುವಾಗ, ಹೊರಗಿನವನೊಬ್ಬ ಬಂದು ತನ್ನ ಅಪ್ಪನ, ಮುತ್ತಜ್ಜನ ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳಿ, ಆ ಸಾಲಿನ ತುದಿಗೆ ತನ್ನ ಹೆಸರನ್ನು ಇಡುತ್ತಾನೆ. ಮನೆಯವರು ನೀನು ಜಾಣ, ನೀನು ಚೆಲುವ ಎಂದು ಹೊಗಳುವುದಕ್ಕೂ ಇದಕ್ಕೂ ಬಹಳ ಅಂತರವಿದೆ. ಇಲ್ಲಿ ಹೊಗಳಿಕೆಯೇ ಇಲ್ಲ, ನೀನು ಒಂದು ಸಾಲಿನಲ್ಲಿ ಇದ್ದೀ ಎಂಬ ದಾಖಲೆ ಮಾತ್ರ ಇದೆ.

ಅಮೆರಿಕದ ಎಮರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫಿವುಷ್ ಎಂಬ ಮನಶ್ಶಾಸ್ತ್ರಜ್ಞರು 2000ದ ನಂತರದ ವರ್ಷಗಳಲ್ಲಿ ಇಪ್ಪತ್ತು ಪ್ರಶ್ನೆಗಳ ಒಂದು ಪಟ್ಟಿ ಮಾಡಿ ಮಕ್ಕಳನ್ನು ಕೇಳಿದರು: ನಿನ್ನ ಅಜ್ಜ-ಅಜ್ಜಿ ಬೆಳೆದ ಊರು ಯಾವುದು, ಅಪ್ಪ-ಅಮ್ಮ ಎಲ್ಲಿ ಭೇಟಿಯಾದರು, ನಿನಗೆ ಆ ಹೆಸರು ಹೇಗೆ ಬಂತು, ಹೀಗೆ. ಹೆಚ್ಚು ಉತ್ತರ ಗೊತ್ತಿದ್ದ ಮಕ್ಕಳಲ್ಲಿ ತಮ್ಮ ಬಗೆಗಿನ ಗೌರವವೂ, ತಮ್ಮ ಬದುಕು ತಮ್ಮ ಕೈಯಲ್ಲಿದೆ ಎಂಬ ಭಾವವೂ ಹೆಚ್ಚಿದ್ದವು. ಹೆಳವ ನೂರಾರು ವರ್ಷ ಮಾಡಿಕೊಂಡು ಬಂದದ್ದು ಇದೇ ಪ್ರಶ್ನೆಗಳಿಗೆ ಉತ್ತರ ಹೇಳುವ ಕೆಲಸ. ಆಕ್ಷೇಪ ಸಹಜ: ಕೆಲವೇ ಅಮೆರಿಕನ್ ಕುಟುಂಬಗಳ ಅಧ್ಯಯನವನ್ನು ರಾಯಬಾಗದ ಅಂಗಳಕ್ಕೆ ತರಬಹುದೇ? ಮನೆಯ ಕಥೆ ಹೇಳುವಷ್ಟು ಪುರುಸೊತ್ತು, ಪ್ರೀತಿ ಇರುವ ಮನೆಯ ಮಕ್ಕಳು ಹೇಗೂ ಚೆನ್ನಾಗಿರುತ್ತಾರಲ್ಲವೇ? ಈ ಎಚ್ಚರಿಕೆಯನ್ನು ಆ ಸಂಶೋಧಕರೇ ಕೊಟ್ಟಿದ್ದಾರೆ. ಇಪ್ಪತ್ತು ಉತ್ತರ ಬಾಯಿಪಾಠ ಮಾಡಿಸಿದರೆ ಅಭಿಮಾನ ಬರುವುದಿಲ್ಲ, ಕೂಡಿ ಕುಳಿತು ಮತ್ತೆಮತ್ತೆ ಹೇಳುವ ಬಗೆಯೇ ಮುಖ್ಯ ಎಂದು. ಆ ತಿದ್ದುಪಡಿ ನಮ್ಮ ವಾದಕ್ಕೆ ಬಲವನ್ನೇ ಕೊಡುತ್ತದೆ, ಯಾಕೆಂದರೆ ಹೆಳವನ ಕೂಗು ಒಂಟಿ ಕೂಗಲ್ಲ, ಮನೆಮಂದಿಯೆಲ್ಲ ಕೆಲಸ ಬಿಟ್ಟು ಕೇಳುವಂಥದು. ಇನ್ನೊಂದು ಅಂಶವೂ ಅಲ್ಲಿ ಕಂಡಿತು. ನಾವು ಬರೀ ಏರುತ್ತಲೇ ಬಂದೆವು ಎನ್ನುವ ಮನೆಯ ಕಥೆಗಿಂತ, ಎದ್ದೆವು, ಬಿದ್ದೆವು, ಮತ್ತೆ ಎದ್ದೆವು ಎನ್ನುವ ಕಥೆ ಮಗುವನ್ನು ಹೆಚ್ಚು ಗಟ್ಟಿ ಮಾಡುತ್ತದೆ. ಬರ, ಜಗಳ, ಸಾಲಗಳಿಂದ ಊರು ಬಿಟ್ಟವರ ಸಂಗತಿಯಿಲ್ಲದ ವಂಶಾವಳಿ ಅಥಣಿಯಂಥ ಮಳೆ ಕೈಕೊಡುವ ಸೀಮೆಯಲ್ಲಿ ಸಿಗುವುದು ಕಷ್ಟ.

ಹೆಸರುಳ್ಳ ಕಥೆಗೆ ಹೆಳವ ಒಬ್ಬನೇ ವಾರಸುದಾರನಲ್ಲ. ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಯಂಥ ಕಡೆ ಡೊಳ್ಳಿನ ಪದಗಳಲ್ಲಿ ಹಾಲುಮತದ ಹಿರಿಯರ ಕಥೆ ಬರುತ್ತದೆ. ಗೀಗೀ ಮೇಳದ ಹರದೇಶಿ–ನಾಗೇಶಿ ಹಾಡಿಕೆಯ ಬಗ್ಗೆ ಮಾತ್ರ ಎರಡು ಮಾತು ಹೆಚ್ಚು ಹೇಳಬೇಕು. ಹರದೇಶಿಯವರು ಶಿವ ದೊಡ್ಡವನು, ಗಂಡು ಹೆಚ್ಚು ಎಂದು ಹಾಡಿದರೆ, ನಾಗೇಶಿಯವರು ಶಕ್ತಿ ದೊಡ್ಡವಳು, ಹೆಣ್ಣು ಹೆಚ್ಚು ಎಂದು ಪುರಾಣದ ಸಾಕ್ಷಿ ಕೊಟ್ಟು ಸವಾಲು ಹಾಕುತ್ತಾರೆ. ಗಡಿಯಾಚೆ ಮರಾಠಿಯಲ್ಲಿ ಇದೇ ಜಿದ್ದು ಕಲಗಿ–ತುರಾ ಎಂಬ ಹೆಸರಿನಿಂದ ನಡೆಯುತ್ತದೆ. ರಾತ್ರಿಯೆಲ್ಲ ಕುಳಿತು ಕೇಳುವ ಹುಡುಗಿಗೆ ಅಲ್ಲಿ ತನ್ನ ಪರವಾಗಿ ವಾದಿಸುವ ಒಂದು ಪಂಗಡವಾದರೂ ಇದೆ ಎಂಬುದು ತಿಳಿಯುತ್ತದೆ, ಮತ್ತು ದೊಡ್ಡವರ ಮಾತಿಗೂ ಎದುರು ಮಾತು ಇರುತ್ತದೆ ಎಂಬುದೂ. ಹೆಣ್ಣುಮಕ್ಕಳ ಹೆಸರನ್ನು ಸಾಮಾನ್ಯವಾಗಿ ಬಿಟ್ಟೇಬಿಡುವ ಹೆಳವನ ಕಡತದ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ, ಒಂದು ರೂಢಿಯ ಕುಂದನ್ನು ಇನ್ನೊಂದು ಎಷ್ಟೋ ಮಟ್ಟಿಗೆ ತುಂಬುತ್ತಿತ್ತು ಎನ್ನಬಹುದು. ಪೂರ್ತಿ ತುಂಬಿತ್ತು ಎನ್ನಲಾಗದು. ಹಾಡು ಮುಗಿದ ಮೇಲೆ ಹುಡುಗಿಯ ಹೆಸರು ಕಡತಕ್ಕೇನೂ ಏರುತ್ತಿರಲಿಲ್ಲ.

ಹೆಸರಿಲ್ಲದ ಗುಣಕಥೆ ಮತ್ತು ಹೆಸರುಳ್ಳ ಅಭಿಮಾನದ ಕಥೆ ಒಂದಾಗುವ ಅಪರೂಪದ ಉದಾಹರಣೆಯೂ ಈ ಸೀಮೆಯಲ್ಲೇ ಇದೆ, ಜೈನ ಮನೆಗಳಲ್ಲಿ. ಹಿಟ್ಟಿನ ಕೋಳಿಯನ್ನು ಕೊಂದ ಸಂಕಲ್ಪ ಮಾತ್ರದಿಂದ ಜನ್ಮಜನ್ಮಾಂತರ ನರಳಿದ ಯಶೋಧರನ ಕಥೆಯನ್ನು ಜನ್ನ 13ನೆಯ ಶತಮಾನದ ಆರಂಭದಲ್ಲಿ ಕನ್ನಡಕ್ಕೆ ಕೊಟ್ಟ. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳು ಅದಕ್ಕಿಂತಲೂ ಹಳೆಯವು. ಅಲ್ಲಿನ ಹೆಸರುಗಳು ಉಜ್ಜಯಿನಿಯಂಥ ದೂರದ ಊರುಗಳವು. ಶೇಡಬಾಳದ ಮಗುವಿಗೆ ಹೆಸರಿಲ್ಲದಷ್ಟೇ ದೂರ. ಆದರೆ ದೂಧಗಂಗಾ–ವೇದಗಂಗಾ ಕೂಡುವ ಭೋಜ ಗ್ರಾಮದ ಪಾಟೀಲರ ಮಗ ಸಾತಗೌಡ, ಮುಂದೆ ಆಚಾರ್ಯ ಶಾಂತಿಸಾಗರರಾಗಿ, ಅಳಿವಿನಂಚಿಗೆ ಬಂದಿದ್ದ ದಿಗಂಬರ ಮುನಿಪರಂಪರೆಗೆ ಮತ್ತೆ ಜೀವ ಕೊಟ್ಟು 1955ರಲ್ಲಿ ಸಲ್ಲೇಖನದಿಂದ ದೇಹ ಬಿಟ್ಟರು. ಶೇಡಬಾಳದಲ್ಲಿ 1925ರಲ್ಲಿ ಹುಟ್ಟಿದವರು ಆಚಾರ್ಯ ವಿದ್ಯಾನಂದರು, ಸದಲಗಾದಲ್ಲಿ 1946ರಲ್ಲಿ ಹುಟ್ಟಿದವರು ಆಚಾರ್ಯ ವಿದ್ಯಾಸಾಗರರು. ಒಂದು ದಿನದ ಚಕ್ಕಡಿ ಪ್ರಯಾಣದ ಒಳಗಿನ ಊರುಗಳಿಂದ ದೇಶವೆಲ್ಲ ತಲೆಬಾಗಿದ ಮುನಿಗಳು ಬಂದರು ಎಂದು ಕೇಳುವ ಮಗುವಿಗೆ ಅಹಿಂಸೆ, ಅಪರಿಗ್ರಹಗಳು ಉಜ್ಜಯಿನಿಯಿಂದ ಇಳಿದು ಪಕ್ಕದ ಊರಿನ ಹೊಲಕ್ಕೆ ಬಂದು ನಿಲ್ಲುತ್ತವೆ. ಮೌಲ್ಯಕ್ಕೆ ಊರಿನ ಹೆಸರು ಸಿಕ್ಕಾಗ ಎಂಥ ಬಲ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಈ ಭಾಗದಲ್ಲಿ ಕಾಣುವುದಿಲ್ಲ.

ಈಗ ಶಾಲೆಯ ಕಡೆಗೆ. ಸರಕಾರಿ ಶಾಲೆಗಿಂತ ಮೊದಲಿದ್ದ ಅಯ್ಯಗಳ ಗಾಂವಠಿ ಸಾಲಿಯಲ್ಲಿ ಅಕ್ಷರ, ಮಗ್ಗಿ, ಲೆಕ್ಕ ಇದ್ದವು. ಕಥೆ ಅದರ ಕೆಲಸವೇ ಆಗಿರಲಿಲ್ಲ, ಅದು ಮನೆಯದು, ಜಾತ್ರೆಯದು. ಕಥೆಯನ್ನು ತರಗತಿಯ ಒಳಗೆ ತಂದದ್ದು ಮುಂಬಯಿ ಸರಕಾರದ ಶಿಕ್ಷಣ. ಸದಾಶಿವ ಕಾಶೀನಾಥ ಛತ್ರೆಯವರು 1828ರ ಸುಮಾರಿಗೆ ಈಸೋಪನನ್ನು ಮರಾಠಿಗೆ ತಂದರು. ಕಚೇರಿ, ಶಾಲೆ ಎರಡರಲ್ಲೂ ಮರಾಠಿಯೇ ನಡೆಯುತ್ತಿದ್ದ ಕಾಲ ಅದು. ಡೆಪ್ಯುಟಿ ಚನ್ನಬಸಪ್ಪನವರಂಥವರು 19ನೆಯ ಶತಮಾನದ ಉತ್ತರಾರ್ಧದಲ್ಲಿ ಹಟ ಹಿಡಿದು ಕನ್ನಡ ಶಾಲೆಗಳನ್ನು ಬೆಳೆಸಿದಾಗ ಭಾಷೆ ನಮ್ಮದಾಯಿತು, ಆ ಉಪಕಾರ ಸಣ್ಣದಲ್ಲ. ಆದರೆ ಪಾಠದ ಅಚ್ಚು ಅದೇ ಉಳಿಯಿತು: ಹೆಸರಿಲ್ಲದ ನರಿ, ಹೆಸರಿಲ್ಲದ ಕಾಗೆ, ಕೊನೆಗೆ ದಪ್ಪಕ್ಷರದ ನೀತಿ. ಪಂಚತಂತ್ರ ನಮ್ಮದೇ ಅಲ್ಲವೇ, ದುರ್ಗಸಿಂಹ 1031ರಲ್ಲೇ ಕನ್ನಡಕ್ಕೆ ತಂದನಲ್ಲ, ನೀತಿಯನ್ನು ಬ್ರಿಟಿಷರ ತಲೆಗೆ ಕಟ್ಟುವುದು ಯಾಕೆ ಎಂದು ಕೇಳಬಹುದು. ಪಂಚತಂತ್ರದ ನೀತಿ ರಾಜ್ಯವಾಳಬೇಕಾದ ದಡ್ಡ ರಾಜಕುಮಾರರಿಗೆ ಲೋಕದ ಕಪಟ ಕಲಿಸುವ ರಾಜನೀತಿ. ಯಾರನ್ನು ನಂಬಬಾರದು ಎಂಬುದೇ ಅಲ್ಲಿನ ಹೆಚ್ಚಿನ ಪಾಠ. ವಿಧೇಯತೆ, ಪ್ರಾಮಾಣಿಕತೆ, ಕೊಟ್ಟ ಕೆಲಸ ಮಾಡುವುದು ಎಂಬ ಶಾಲಾ ಗುಣಗಳನ್ನು ಅದರ ಬಾಲಕ್ಕೆ ಕಟ್ಟಿದ್ದು ಆಮೇಲೆ. ಕೊಲ್ಹಾಪುರದ ಶಾಹೂ ಮಹಾರಾಜರು 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ ಮತ್ತು ಕಡ್ಡಾಯ ಮಾಡುವ ಕಾನೂನು ತಂದಾಗ ರಾಯಬಾಗ ಅವರ ಸಂಸ್ಥಾನದೊಳಗಿತ್ತು. ಬ್ರಾಹ್ಮಣೇತರ, ದಲಿತ ಮಕ್ಕಳ ಪಾಲಿಗೆ ಅದು ದೊಡ್ಡ ಬಾಗಿಲು. ಆ ಬಾಗಿಲೊಳಗೆ ಹೋದ ಮಗುವಿಗೆ ಒಂದು ಹಾಜರಿ ಪುಸ್ತಕದಲ್ಲಿ ಹೆಸರು ಸಿಕ್ಕಿತು, ಅದೂ ದೊಡ್ಡದೇ. ಕಥೆಯಲ್ಲಿ ಮಾತ್ರ ಸಿಗಲಿಲ್ಲ.

ಇಷ್ಟು ಹೊತ್ತಿಗೆ ಓದುಗರ ಮನಸ್ಸಿನಲ್ಲಿ ಒಂದು ಬಲವಾದ ಆಕ್ಷೇಪ ಎದ್ದಿರಬೇಕು. ಹೆಳವ ಕೂಗುವುದು ಕುಲದ ಹೆಮ್ಮೆಯನ್ನು; ಆ ಹೆಮ್ಮೆ ಇನ್ನೊಬ್ಬರ ತಲೆಯ ಮೇಲೆ ನಿಂತದ್ದು. ಅವನ ಕಡತದಲ್ಲಿ ಇಲ್ಲದವರ ಮಕ್ಕಳಿಗೆ 'ನೀನು ಈ ಸಾಲಿನಲ್ಲಿ ಇಲ್ಲ' ಎಂಬುದೇ ಕಥೆಯಾಗಿರಲಿಲ್ಲವೇ? ಈ ಆಕ್ಷೇಪ ಸರಿಯೇ. ಆದರೆ ಇದರಿಂದ ಹೊರಡುವ ತೀರ್ಮಾನ, ಹೆಸರುಳ್ಳ ಕಥೆಯೇ ಬೇಡ ಎಂಬುದಲ್ಲ. ಕಡತದ ಹೊರಗಿದ್ದವರು ಆ ತೀರ್ಮಾನಕ್ಕೆ ಬರಲೂ ಇಲ್ಲ. ತಮ್ಮ ಹೆಸರಿನ ಕಥೆಯನ್ನು ತಾವೇ ಕಟ್ಟಿಕೊಂಡರು. ಅಥಣಿ, ಮದಭಾವಿ, ನಿಪ್ಪಾಣಿಗಳಲ್ಲಿ ತೊಗಲು ಹದ ಮಾಡಿ ಚಪ್ಪಲಿ ಹೊಲಿಯುವ ಸಮಗಾರರ ಮನೆಗಳನ್ನೇ ತೆಗೆದುಕೊಳ್ಳಿ. ಅವರಿಗೆ ಹರಳಯ್ಯನ ಕಥೆ ಇದೆ. ಬಸವಣ್ಣ ತಿರುಗಿ ಶರಣು ಎಂದ ಋಣ ತೀರಿಸಲು ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ತೊಗಲಿನಿಂದಲೇ ಚಮ್ಮಾವುಗೆ ಮಾಡಿದ ಕಥೆ. ಆ ಮೆಟ್ಟನ್ನು ಮೆಟ್ಟಲಾರದೆ ಬಸವಣ್ಣ ತಲೆಯ ಮೇಲೆ ಹೊತ್ತ. ಅವರ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ನಡೆದ ಮದುವೆಯಿಂದ ಕಲ್ಯಾಣ ಹೊತ್ತಿ ಉರಿಯಿತು. ಇದರಲ್ಲಿ ವಿನಯವಿದೆ, ತ್ಯಾಗವಿದೆ. ಅದರ ಜೊತೆಗೇ, ತೊಗಲಿನ ಕಸುಬಿನವನ ಹೆಸರು ಇದೆ. ಸಮಗಾರರ ಹುಡುಗ ಅಪ್ಪನ ಕೈಯಲ್ಲಿರುವ ರಂಪಿಗೆಯನ್ನು ಈ ಕಥೆಯ ಮೂಲಕ ನೋಡಿದಾಗ ಕಾಣುವುದು ಬೇರೆ. ಹಾಗಾದರೆ ಹರಳಯ್ಯನನ್ನು ಕೊಂಡಾಡಿದ ಊರೇ ಸಮಗಾರರನ್ನು ಕಟ್ಟೆಯ ಕೆಳಗೆ ಕೂರಿಸಿತಲ್ಲ ಎಂದರೆ, ಹೌದು, ಕೂರಿಸಿತು. ಕಥೆ ಕೊಟ್ಟ ಗೌರವ ಮಗುವಿನ ಒಳಗೆ ಉಳಿದೀತು, ಊರಿನ ನಡತೆಯನ್ನು ಅದೊಂದೇ ಬದಲಿಸಲಾರದು. ಇನ್ನೊಂದು ವಿಪರ್ಯಾಸ: ಈ ಊರುಗಳ ಕೈಕೆಲಸ ಮಾರುಕಟ್ಟೆಯಲ್ಲಿ ಕೊಲ್ಹಾಪುರಿ ಎಂದೇ ಹೆಸರಾಯಿತು. ಕೊಲ್ಹಾಪುರಿ ಚಪ್ಪಲಿಯ ಜಿಐ ಮಾನ್ಯತೆ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡಗಳಿಗೂ ಸಿಕ್ಕಿದ್ದು 2019ರಲ್ಲಿ ಸುದ್ದಿಯಾದಾಗಲೇ ಅಥಣಿಯವರೂ ಇದನ್ನು ಮಾಡುತ್ತಾರೆ ಎಂದು ಹಲವರಿಗೆ ತಿಳಿದದ್ದು.

ಇನ್ನೂ ದೊಡ್ಡ ಹೆಸರಿನ ಕಥೆ ಅಂಬೇಡ್ಕರರದು. 1920ರ ಮಾರ್ಚ್‌ನಲ್ಲಿ ಕೊಲ್ಹಾಪುರ ಸಂಸ್ಥಾನದ ಮಾಣಗಾಂವದಲ್ಲಿ ಶಾಹೂ ಮಹಾರಾಜರ ಸಮ್ಮುಖದಲ್ಲಿ ನಡೆದ ಪರಿಷತ್ತು ಅವರನ್ನು ನಾಯಕನೆಂದು ಸಾರಿತು. 1925ರಲ್ಲಿ ಅವರು ನಿಪ್ಪಾಣಿಗೇ ಬಂದು ಮುಂಬಯಿ ಪ್ರಾಂತದ ಬಹಿಷ್ಕೃತ ವರ್ಗಗಳ ಪರಿಷತ್ತಿನ ಅಧ್ಯಕ್ಷತೆ ವಹಿಸಿದರು. ಅಲ್ಲಿಂದ ಮುಂದೆ ಜಲಸಾಗಳಲ್ಲಿ, ಭೀಮಗೀತೆಗಳಲ್ಲಿ, ಮನೆಯ ಮಾತುಗಳಲ್ಲಿ ಬೆಳೆದ ಕಥೆ, ಗೋಣಿತಟ್ಟು ಹಿಡಿದು ಶಾಲೆಗೆ ಹೋದ ಹುಡುಗನ ಕಥೆ, ವಂಶಾವಳಿ ಇಲ್ಲದ ಮಗುವಿಗೆ ಮೂಲಪುರುಷನನ್ನು ಕೊಟ್ಟಿತು. ಆ ಸಾಲು ರಕ್ತದಿಂದ ಬಂದದ್ದಲ್ಲ, ಒಪ್ಪಿ ಸೇರಿಕೊಂಡದ್ದು. ಹೆಳವನ ರೂಢಿಗೆ ಇದು ಕೊಟ್ಟ ತಿದ್ದುಪಡಿ ಇದೇ.

ಹೆಸರುಳ್ಳ ಕಥೆಯ ಮೇಲೆ ಎರಡನೆಯ ಆಪಾದನೆ ಗಡಿಯದು. 1956ರ ರಾಜ್ಯ ಪುನರ್ವಿಂಗಡಣೆಯ ನಂತರ ನಿಪ್ಪಾಣಿಯಲ್ಲಿ ಮರಾಠಿ ಶಾಲೆಯ ಮಗು ಶಿವಾಜಿಯ ಪೋವಾಡೆ ಕೇಳಿ ಬೆಳೆದರೆ ಕನ್ನಡ ಶಾಲೆಯ ಮಗು ಕಿತ್ತೂರು ಚನ್ನಮ್ಮ, ರಾಯಣ್ಣರ ಲಾವಣಿ ಕೇಳಿ ಬೆಳೆಯಿತು. ಇಬ್ಬರಿಗೂ ಅಭಿಮಾನ ಬಂತು, ಆ ಅಭಿಮಾನ ಫಲಕಗಳಿಗೆ ಮಸಿ ಬಳಿಯುವ ಮಟ್ಟಕ್ಕೂ ಹೋಯಿತು. ಹೆಸರು ಕೊಡುವ ಕಥೆ ಎದುರಾಳಿಯ ಹೆಸರನ್ನೂ ಕೊಡುತ್ತದೆ ಎಂಬುದು ನಿಜ. ಇದಕ್ಕೆ ಮದ್ದು ಆ ಮೊದಲ ಬಗೆಯ ಕಥೆಯಲ್ಲೇ ಇದೆ. ಒಂದೂರಿನ ಒಬ್ಬ ರಾಜನಿಗೆ ರಾಜ್ಯದ ಗಡಿ ಯಾವುದೆಂದು ಅಜ್ಜಿ ಹೇಳಿರಲಿಲ್ಲ. ಹೂವಿನ ಗಿಡವಾಗುವ ಹುಡುಗಿ, ಹಾವನ್ನು ಮದುವೆಯಾದವಳು, ಏಳು ಅಣ್ಣಂದಿರ ತಂಗಿ, ಇಂಥವರು ಕನ್ನಡ ಮನೆಯಿಂದ ಮರಾಠಿ ಮನೆಗೆ ಸೊಸೆಯರ ಜೊತೆ, ಕೂಲಿಯ ಹೆಂಗಸರ ಜೊತೆ ಸರಾಗವಾಗಿ ಹೋಗಿಬರುತ್ತಾರೆ. ಹೆಸರುಳ್ಳ ಕಥೆ ಮಗುವನ್ನು ಒಂದು ಕಡೆ ನಿಲ್ಲಿಸಿದರೆ ಹೆಸರಿಲ್ಲದ್ದು ಅದನ್ನು ಆಚೆ ಮನೆಯ ಅಂಗಳಕ್ಕೆ ಕರೆದೊಯ್ಯುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನೇ ಉಣಿಸಿದ ಕಡೆ ತೊಂದರೆ ಹುಟ್ಟಿದೆ.

ಈ ಎರಡೂ ಕಥೆಗಳು ಕಡಿಮೆಯಾದದ್ದು ಟಿವಿ, ಮೊಬೈಲಿನಿಂದ ಎಂಬ ವಿವರಣೆ ಸುಲಭದ್ದು. ಕೆಲಸದ ಹೊತ್ತು ಬದಲಾದದ್ದು ಅದಕ್ಕಿಂತ ಹಳೆಯ ಕಾರಣ. ನಿಪ್ಪಾಣಿಯಲ್ಲಿ ತಂಬಾಕಿನ ವಖಾರಿಗಳು ಬೆಳೆದಂತೆ ಸಾವಿರಾರು ಹೆಂಗಸರು ಹಗಲೆಲ್ಲ ಅಲ್ಲಿ ತಂಬಾಕು ಚಾಳಿಸಿ, ಮನೆಯಲ್ಲಿದ್ದವರು ಬೀಡಿ ಕಟ್ಟಿ, ದೀಪ ಹಚ್ಚುವ ಹೊತ್ತಿಗೆ ಕೆಮ್ಮುತ್ತ ಕೂರುವಂತಾಯಿತು. ಕಥೆ ಹೇಳಬೇಕಿದ್ದ ಅಜ್ಜಿಯೂ ಬೀಡಿಯ ಲೆಕ್ಕಕ್ಕೆ ಸಿಕ್ಕಿದ್ದಳು. ಕ್ಯೂಬಾದ ಚುಟ್ಟಾ ಕಾರ್ಖಾನೆಗಳಲ್ಲಿ, ಕೇರಳದ ಕಣ್ಣೂರಿನ ಬೀಡಿ ಕಟ್ಟುವವರ ನಡುವೆ, ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಕೈಕೆಲಸ ಮಾಡುತ್ತ ಕೇಳುವುದು ಎಂಬ ರೂಢಿ ಇತ್ತು. ನಿಪ್ಪಾಣಿಯ ಹೆಂಗಸರು ಇನ್ನೊಂದು ಬಗೆಯಲ್ಲಿ ಕಥೆ ಹೇಳುವವರಾದರು. 1980ರ ಸುಮಾರಿಗೆ ಸಂಘ ಕಟ್ಟಿ ಮುಷ್ಕರ ಹೂಡಿದ ಅವರ ಮಾತುಗಳನ್ನು ದೀಪಾ ಧನರಾಜ್ ಮತ್ತು ಯುಗಾಂತರ ಗುಂಪಿನವರು 1982ರಲ್ಲಿ 'ತಂಬಾಕು ಚಾಕಿಲಾ ಊಬ್ ಆಲಿ' ಎಂಬ ಮರಾಠಿ ಸಾಕ್ಷ್ಯಚಿತ್ರವಾಗಿಸಿದರು. ನಮ್ಮ ಅವ್ವ ಮಾಲಕನೆದುರು ನಿಂತು ಮಾತಾಡಿದಳು ಎಂಬುದು ನಿಪ್ಪಾಣಿಯ ಎಷ್ಟೋ ಮನೆಗಳಲ್ಲಿ ವಂಶಾವಳಿಗಿಂತ ಗಟ್ಟಿಯಾದ ಸಂಗತಿ. ಅದು ಯಾವ ಬಾಲಪಠ್ಯದಲ್ಲೂ ಕಂಡಿಲ್ಲ ಎಂದರೆ ಆಶ್ಚರ್ಯವೇನಿಲ್ಲ. ಅದರಲ್ಲಿ ವಿಧೇಯತೆಯ ನೀತಿ ಸಿಗುವುದಿಲ್ಲವಲ್ಲ.

ಈ ವಾದಕ್ಕೆ ಎಲ್ಲಕ್ಕಿಂತ ಕಠಿಣವಾದ ಪರೀಕ್ಷೆ ಅಥಣಿ ತಾಲೂಕಿನ ಕೋಕಟನೂರಿನದು. ಅಲ್ಲಿನ ಯಲ್ಲಮ್ಮನ ಜಾತ್ರೆಯಲ್ಲಿ ಜೋಗತಿಯರು ಚೌಡಿಕೆ ಹಿಡಿದು ರೇಣುಕೆಯ ಕಥೆ ಹಾಡುತ್ತಾರೆ: ತಂದೆಯ ಮಾತಿಗೆ ಮಗ ಪರಶುರಾಮ ತಾಯಿಯ ತಲೆ ಕಡಿಯುತ್ತಾನೆ, ಮೆಚ್ಚಿದ ತಂದೆ ಕೊಟ್ಟ ವರದಿಂದ ತಾಯಿಯನ್ನೇ ಮರಳಿ ಕೇಳುತ್ತಾನೆ. ದೇವದಾಸಿಯರ ಮಕ್ಕಳು ಕೇಳಿ ಬೆಳೆದ ಕಥೆ ಇದು. ಊರಿನ ಲೆಕ್ಕದಲ್ಲಿ ತಂದೆಯೇ ಇಲ್ಲದ ಮಗು, ತಂದೆಯ ಮಾತೇ ಮೇಲು ಎನ್ನುವ ಕಥೆಯನ್ನು ತಾಯಿಯ ಬಾಯಿಂದ ಕೇಳುತ್ತದೆ. ಅದರಲ್ಲಿ ಮಗು ಹಿಡಿದುಕೊಳ್ಳುವುದು ಕೊಡಲಿಯನ್ನೋ, ವರವನ್ನೋ? ಎರಡನೆಯದನ್ನೇ ಎಂದು ನಂಬಲು ಕಾರಣವಿದೆ, ಯಾಕೆಂದರೆ ಹಾಡು ದೀರ್ಘವಾಗಿ ಮರುಗುವುದು ತಾಯಿಗಾಗಿ. 1934ರ ಮುಂಬಯಿ ಕಾನೂನು, 1982ರ ಕರ್ನಾಟಕ ಕಾನೂನು ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿಯಾಗಿ ಬಿಡುವುದನ್ನು ನಿಷೇಧಿಸಿದವು. ಅಥಣಿಯಲ್ಲಿ ವಕೀಲ ಬಿ.ಎಲ್. ಪಾಟೀಲರು ಕಟ್ಟಿದ ವಿಮೋಚನಾ ಸಂಘ ಈ ಮಕ್ಕಳಿಗೆಂದೇ ಮಲಾಬಾದದಲ್ಲಿ ವಸತಿ ಶಾಲೆ ನಡೆಸಿತು. ಕಾನೂನು ಮತ್ತು ಶಾಲೆ ಎರಡೂ ಬಂದ ಮೇಲೂ ಒಂದು ಪುಟ ಉಳಿಯಿತು. ಪ್ರಾಥಮಿಕ ತರಗತಿಯ ಪರಿಸರ ಅಧ್ಯಯನದಲ್ಲಿ ವಂಶವೃಕ್ಷ ಬರೆಯುವ ಚಟುವಟಿಕೆ ಇರುತ್ತದೆ, ಅಜ್ಜ, ಅಪ್ಪ, ನಾನು ಎಂದು. ಶಾಲೆ ಹೊಸ್ತಿಲ ಹೊರಗೆ ಬಿಟ್ಟಿದ್ದ ಹೆಸರಿನ ಕಥೆಯನ್ನು ಒಳಗೆ ಕರೆದ ಅಪರೂಪದ ಜಾಗ ಅದು, ಒಳ್ಳೆಯ ಪಾಠ. ಕೆಲವು ಮಕ್ಕಳಿಗೆ ಮಾತ್ರ ಅದು ಖಾಲಿ ಬಿಡಬೇಕಾದ ಪುಟ. ಎಲ್ಲರಿಗೂ ಒಂದೇ ನಮೂನೆ ಇರಬೇಕು, ಬೇರೆ ಮಾಡಿದರೆ ಮಗುವನ್ನು ಎತ್ತಿ ತೋರಿಸಿದಂತಾಗುತ್ತದೆ ಎಂದು ವಾದಿಸುವವರಿದ್ದಾರೆ. ತಾಯಿಯ ಕಡೆಯಿಂದಲೋ ತಂದೆಯ ಕಡೆಯಿಂದಲೋ, ತನಗೆ ಗೊತ್ತಿರುವ ಕಡೆಯಿಂದ ಶುರು ಮಾಡು ಎಂದು ಇಡೀ ತರಗತಿಗೇ ಹೇಳಿದರೆ ಯಾರನ್ನೂ ಎತ್ತಿ ತೋರಿಸಿದಂತಾಗುವುದಿಲ್ಲ, ಹೆಳವ ಬಿಟ್ಟ ಹೆಣ್ಣುಮಕ್ಕಳ ಹೆಸರುಗಳೂ ಅದೇ ದಾರಿಯಲ್ಲಿ ಪುಟಕ್ಕೆ ಬರುತ್ತವೆ. ಶಿಕ್ಷಕರ ಕೈಪಿಡಿಯಲ್ಲಿ ಆ ಒಂದು ಸಾಲಿನ ಸೂಚನೆ ಸೇರಿಸಲು ಹೊಸ ಯೋಜನೆಯಾಗಲಿ, ಹೊಸ ಕಥೆಪುಸ್ತಕವಾಗಲಿ ಬೇಕಾಗುವುದಿಲ್ಲ.